ಮನೆಯಲ್ಲಿ ಹೆಬ್ಬಾವಿನ ಮರಿಯ ಆರೈಕೆ: ಕರಾವಳಿಯವರೂ ಘಟ್ಟದ ಮೇಲಿನವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಹೆಬ್ಬಾವು ಸಾಕಣೆಯ ಬಗ್ಗೆ ಸಿಗುವ ಕೈಪಿಡಿಗಳೆಲ್ಲ ಹೆಚ್ಚಾಗಿ ಚಳಿ ದೇಶದವರು ಬರೆದಿಟ್ಟವು. ಒಣ ಹವೆಯ, ಸದಾ ವಿದ್ಯುತ್ ಇರುವ ಮನೆಗಳಿಗೆ ಹೊಂದುವ ಅವರ ಸಲಹೆಗಳನ್ನು ಕಾರವಾರದ ಆಷಾಢಕ್ಕೂ ಶಿರಸಿಯ ಧನುರ್ಮಾಸಕ್ಕೂ ಹಾಗೆಯೇ ಅನ್ವಯಿಸಿದರೆ ಮರಿ ಉಳಿಯುವುದು ಕಷ್ಟ. ಆದ್ದರಿಂದ ಇಲ್ಲಿನ ಉತ್ತರಗಳನ್ನು ಉತ್ತರ ಕನ್ನಡದ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಬರೆಯಲಾಗಿದೆ. ಮೊದಲ ಎರಡು ಪ್ರಶ್ನೆಗಳು ಕಾನೂನಿಗೆ ಸಂಬಂಧಿಸಿದವು. ಅವನ್ನು ಓದದೆ ಮುಂದಕ್ಕೆ ಹೋಗಬಾರದೆಂದು ವಿನಂತಿ.

ನಮ್ಮ ತೋಟದ ದರಕಿನ (ಒಣ ತರಗೆಲೆಯ) ರಾಶಿಯಲ್ಲಿ ಹೆಬ್ಬಾವಿನ ಮರಿಯೊಂದು ಸಿಕ್ಕಿದೆ. ಅದನ್ನೇ ಸಾಕಿಕೊಳ್ಳಬಹುದೇ?

ಸಾಕುವಂತಿಲ್ಲ. ನಮ್ಮ ಕಾಡುಮೇಡುಗಳಲ್ಲಿರುವ ಭಾರತೀಯ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ, ಇರುವ ಪ್ರಾಣಿ. ಅದನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೇ. ಮೊದಲನೆಯ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಇಂಥ ಅಪರಾಧಕ್ಕೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸವಿದೆ. 2022ರ ತಿದ್ದುಪಡಿಯ ಬಳಿಕ ದಂಡವೂ 25,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. “ಪಾಪ, ತಾಯಿಯಿಲ್ಲದ ಮರಿ” ಎಂಬ ಕನಿಕರದಿಂದ ತಂದಿಟ್ಟುಕೊಂಡವರಿಗೂ ಇದು ಅನ್ವಯಿಸುತ್ತದೆ. ವಾಸ್ತವವಾಗಿ ಆ ಕನಿಕರಕ್ಕೆ ಆಧಾರವೂ ಇಲ್ಲ. ತಾಯಿ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು, ಮೈಯ ಸ್ನಾಯುಗಳನ್ನು ನಡುಗಿಸಿ ಕಾವು ಹುಟ್ಟಿಸಿ, ಸುಮಾರು ಎರಡು ತಿಂಗಳು ಉಪವಾಸವಿದ್ದು ಕಾಯುತ್ತದೆ. ಆದರೆ ಮರಿಗಳು ಹೊರಬಂದ ಮೇಲೆ ಅದರ ಹೊಣೆ ಮುಗಿಯಿತು, ಮರಿಗಳು ಮೊದಲ ದಿನದಿಂದಲೇ ಸ್ವತಂತ್ರ. ಮಳೆಗಾಲದ ಆರಂಭದಲ್ಲಿ ಕೊಟ್ಟಿಗೆ, ಕೋಳಿಗೂಡು, ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚುಗಳಲ್ಲಿ ಇವು ಕಾಣಿಸಿಕೊಳ್ಳುವುದು ಸಹಜ. ದಾರಿ ಬಿಟ್ಟರೆ ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ಬಲೆಗೆ ಸಿಕ್ಕಿಕೊಂಡಿದ್ದರೆ, ಗಾಯವಾಗಿದ್ದರೆ ಅಥವಾ ಮನೆಯೊಳಗೆ ಸೇರಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ.

ಹೆಬ್ಬಾವಿನ ಮರಿ ಎಂದು ನೀವು ತಿಳಿದದ್ದು ಕೊಳಕುಮಂಡಲವೂ ಆಗಿರಬಹುದು ಎಂಬುದು ಇದಕ್ಕಿಂತ ದೊಡ್ಡ ಮಾತು. ಈ ಎರಡನ್ನು ಗುರುತಿಸುವಲ್ಲಿ ಜನ ತಪ್ಪುವುದು ಸಾಮಾನ್ಯ, ಪರಿಣಾಮವೂ ಭೀಕರ. ಕೊಳಕುಮಂಡಲದ ಮೈಮೇಲೆ ಅಂಚು ಸ್ಪಷ್ಟವಿರುವ ಮೊಟ್ಟೆಯಾಕಾರದ ಮಚ್ಚೆಗಳು ಮೂರು ಸಾಲಾಗಿ ಸರಪಳಿಯಂತೆ ಇರುತ್ತವೆ, ಹುರುಪೆಗಳು ಒರಟು. ಹೆಬ್ಬಾವಿನ ಮಚ್ಚೆಗಳು ಅಂಕುಡೊಂಕಾಗಿ, ಒಂದರಂತೆ ಒಂದಿಲ್ಲದೆ ಹರಡಿರುತ್ತವೆ, ಮೈ ನುಣುಪು. ಇದನ್ನು ದೂರದಿಂದ ನೋಡಿ ತಿಳಿಯುವುದಕ್ಕೆ ಹೇಳಿದ್ದೇ ಹೊರತು ಕೈಹಾಕಿ ಪರೀಕ್ಷಿಸುವುದಕ್ಕಲ್ಲ. ಗುರುತಿಸದ ಹಾವು ಕಚ್ಚಿದರೆ, ಅದು ಹೆಬ್ಬಾವೇ ಎಂದು ಎಷ್ಟೇ ಖಾತ್ರಿ ಅನ್ನಿಸಿದರೂ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಕಾನೂನಿಗೆ ಒಳಪಟ್ಟು ಯಾವ ಹೆಬ್ಬಾವನ್ನು ಸಾಕಬಹುದು?

ಸಾಮಾನ್ಯವಾಗಿ ಸಾಕುವುದು ಬಾಲ್ ಪೈಥಾನ್ ಎಂಬ ಆಫ್ರಿಕಾದ ಸಣ್ಣ ಹೆಬ್ಬಾವನ್ನು. ಹೆದರಿದಾಗ ತಲೆಯನ್ನು ನಡುವಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲುಗಳಲ್ಲಿ, ದಂಶಕಗಳು ತೋಡಿದ ಬಿಲಗಳಲ್ಲಿ ಹಗಲು ಕಳೆಯುವ ಈ ಹಾವು ಬೆಳೆದಾಗಲೂ ಮೂರರಿಂದ ಐದು ಅಡಿ ಅಷ್ಟೇ. ಈ ಪುಟದ ಮುಂದಿನ ಉತ್ತರಗಳೆಲ್ಲ ಇದರ ಮರಿಯನ್ನು ಕುರಿತವು. ಹಳದಿ ಬಣ್ಣದ ಬರ್ಮೀಸ್ ಹೆಬ್ಬಾವಿನ ಚಿತ್ರ ನೋಡಿ ಆಸೆಪಡುವವರಿದ್ದಾರೆ. ಅದು 15 ಅಡಿ ಮೀರಿ ಬೆಳೆಯಬಲ್ಲದು, ಮನೆಯಲ್ಲಿಡುವ ಪ್ರಾಣಿಯಲ್ಲ.

ಬಾಲ್ ಪೈಥಾನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. ಭಾರತ 1976ರಿಂದ ಆ ಒಪ್ಪಂದದ ಸದಸ್ಯ ರಾಷ್ಟ್ರ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಸೈಟಿಸ್ ಪಟ್ಟಿಯ ಪ್ರಾಣಿಗಳು ನಮ್ಮ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಬಂದಿವೆ. ಅವುಗಳನ್ನು ಇಟ್ಟುಕೊಂಡವರು 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಸ್ವಾಧೀನವಷ್ಟೇ ಅಲ್ಲ, ಮರಿ ಹುಟ್ಟಿದರೆ, ಹಾವು ಸತ್ತರೆ ಅಥವಾ ಇನ್ನೊಬ್ಬರಿಗೆ ಕೊಟ್ಟರೆ ಅದನ್ನೂ ವರದಿ ಮಾಡಬೇಕು. ಅರ್ಜಿಯನ್ನು ಪರಿಶೀಲಿಸುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. “ಮೊದಲು ತನ್ನಿ, ಕಾಗದ ಆಮೇಲೆ ಮಾಡಿಸೋಣ” ಎನ್ನುವ ಮಾರಾಟಗಾರರಿಂದ ದೂರವಿರಿ. ನೋಂದಣಿ ಪತ್ರ ಮತ್ತು ವರ್ಗಾವಣೆಯ ದಾಖಲೆ ಮಾರುವವರ ಬಳಿ ಇಲ್ಲದಿದ್ದರೆ ಆ ಮರಿ ಎಲ್ಲಿಂದ ಬಂತೆಂಬುದಕ್ಕೆ ಉತ್ತರ ಕೊಡಬೇಕಾದವರು ನೀವೇ ಆಗುತ್ತೀರಿ. ಕೊಳ್ಳುವ ಮುನ್ನ ನಿಮ್ಮ ವಿಭಾಗದ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಆ ದಿನಕ್ಕೆ ಜಾರಿಯಲ್ಲಿರುವ ನಿಯಮವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಐದೂ ಕಡೆ ವಿಭಾಗ ಕಚೇರಿಗಳಿವೆ.

ಮರಿಯನ್ನು ಆರಿಸುವಾಗ ಏನನ್ನು ಗಮನಿಸಬೇಕು?

ಸಾಕಣೆಯಲ್ಲೇ ಹುಟ್ಟಿದ, ಕನಿಷ್ಠ ನಾಲ್ಕೈದು ಬಾರಿ ತಾನಾಗಿ ತಿಂದಿರುವ ಮರಿ ಬೇಕು. ಮಾರುವವರ ಮುಂದೆಯೇ ಅದು ತಿನ್ನುವುದನ್ನು ನೋಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಕಣ್ಣು ತಿಳಿಯಾಗಿರಬೇಕು, ಮೂಗಿನಲ್ಲಿ ಗುಳ್ಳೆ ಇರಬಾರದು, ಬೆನ್ನುಮೂಳೆ ಎದ್ದು ಕಾಣಬಾರದು, ಹೊಟ್ಟೆಯ ಕಡೆಯ ಹುರುಪೆಗಳು ಕೆಂಪಾಗಿರಬಾರದು. ಬಣ್ಣಕ್ಕಾಗಿ ಹಣ ಸುರಿಯುವವರಿಗೆ ಒಂದು ಎಚ್ಚರಿಕೆ: ಸ್ಪೈಡರ್ ಎಂಬ ಬಣ್ಣದ ತಳಿಗೆ ಹುಟ್ಟಿನಿಂದಲೇ ನರದೋಷವಿದ್ದು, ತಲೆ ಓಲಾಡುತ್ತದೆ, ಕೆಲವು ಮರಿಗಳು ಆಹಾರಕ್ಕೆ ಸರಿಯಾಗಿ ಗುರಿಯಿಡಲಾರವು. ನೋಡಲು ಚೆಂದವಿದೆ ಎಂಬ ಕಾರಣಕ್ಕೆ ಅಂಥದನ್ನು ಬೆಳೆಸುವುದೂ ಕೊಳ್ಳುವುದೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಆಯುಸ್ಸಿನ ಲೆಕ್ಕವನ್ನೂ ಈಗಲೇ ಹಾಕಬೇಕು. ಚೆನ್ನಾಗಿ ನೋಡಿಕೊಂಡರೆ ಇದು 20ರಿಂದ 30 ವರ್ಷ ಬಾಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಹೆಣ್ಣು ಬಾಲ್ ಪೈಥಾನ್ 2020ರಲ್ಲಿ ಗಂಡಿನ ಸಂಗವಿಲ್ಲದೆ ಮೊಟ್ಟೆಯಿಟ್ಟಿತು. ಪಿಯುಸಿ ಓದುವ ಹುಡುಗ ತಂದಿಟ್ಟ ಮರಿಯನ್ನು, ಅವನು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ನೋಡಿಕೊಳ್ಳುವವರು ಯಾರು ಎಂಬುದನ್ನು ಮನೆಯವರು ಕೂತು ತೀರ್ಮಾನಿಸಿರಬೇಕು.

ಎಷ್ಟು ದೊಡ್ಡ ಪೆಟ್ಟಿಗೆ ಬೇಕು?

ಮರಿಗೆ ಸುಮಾರು ಎರಡು ಅಡಿ ಉದ್ದ, ಒಂದು ಅಡಿ ಅಗಲದ ಪೆಟ್ಟಿಗೆ ಸಾಕು. ಬೆಳೆದ ಮೇಲೆ ನಾಲ್ಕು ಅಡಿಗೆ ಎರಡು ಅಡಿ ಬೇಕಾಗುತ್ತದೆ. ದೊಡ್ಡ ಪೆಟ್ಟಿಗೆಯಿಂದ ಮರಿಗೆ ಕೇಡಿಲ್ಲ, ಅಡಗುವ ಜಾಗವಿಲ್ಲದ ಬಯಲು ಪೆಟ್ಟಿಗೆಯಿಂದ ಕೇಡು. ಬಿಲದ ಪ್ರಾಣಿಯಾದ್ದರಿಂದ ಮೈ ಎಲ್ಲ ಕಡೆ ತಾಗುವಷ್ಟು ಇಕ್ಕಟ್ಟಾದ ಗೂಡಿದ್ದರೆ ಮಾತ್ರ ಅದಕ್ಕೆ ಧೈರ್ಯ. ಬೆಚ್ಚಗಿನ ಬದಿಯಲ್ಲೊಂದು, ತಂಪಿನ ಬದಿಯಲ್ಲೊಂದು, ಹೀಗೆ ಎರಡು ಗೂಡುಗಳಿರಬೇಕು. ಒಂದೇ ಇದ್ದರೆ ಬೆಚ್ಚಗಿರುವುದೋ ಅಡಗಿರುವುದೋ ಎಂಬ ಆಯ್ಕೆಯಲ್ಲಿ ಮರಿ ಅಡಗುವುದನ್ನೇ ಆರಿಸಿಕೊಂಡು ಸೊರಗುತ್ತದೆ. ಅಂಗಡಿಯ ಗೂಡೇ ಆಗಬೇಕೆಂದಿಲ್ಲ, ಬಾಯಿಯ ಒಂದು ಬದಿ ಕೆತ್ತಿ ಅಂಚು ಉಜ್ಜಿ ನಯಮಾಡಿದ ಸಣ್ಣ ಮಣ್ಣಿನ ಕುಡಿಕೆಯನ್ನು ಮಗುಚಿಟ್ಟರೂ ಆಗುತ್ತದೆ. ಮೈ ಮುಳುಗುವಷ್ಟು ಅಗಲದ, ಮಗುಚಿಕೊಳ್ಳದ ನೀರಿನ ಬಟ್ಟಲು ಬೇಕು. ಮುಚ್ಚಳಕ್ಕೆ ಚಿಲಕ ಕಡ್ಡಾಯ. ಒಂದು ಪೆಟ್ಟಿಗೆಯಲ್ಲಿ ಒಂದೇ ಹಾವು.

ಕಾರವಾರ ಹೇಗೂ ಸೆಕೆಯ ಊರು. ಕೃತಕ ಶಾಖ ಬೇಕೇ?

ಬೇಕು, ಆದರೆ ವರ್ಷವಿಡೀ ಒಂದೇ ಪ್ರಮಾಣದಲ್ಲಲ್ಲ. ಮರಿಗೆ ಬೇಕಾದದ್ದು ಒಂದು ಬದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿಯಲ್ಲಿ 25ರಿಂದ 27 ಡಿಗ್ರಿ. ರಾತ್ರಿಯೂ 24ಕ್ಕಿಂತ ಕೆಳಗಿಳಿಯಬಾರದು. ಮರಿ ತನ್ನ ಮೈಯ ಶಾಖವನ್ನು ತಾನು ಉತ್ಪಾದಿಸಿಕೊಳ್ಳುವುದಿಲ್ಲ. ತಿಂದದ್ದು ಅರಗಬೇಕಾದರೆ ಬೆಚ್ಚಗಿನ ಬದಿಗೆ ಹೋಗುತ್ತದೆ, ಸೆಕೆಯಾದಾಗ ತಂಪಿಗೆ ಸರಿಯುತ್ತದೆ. ಈ ಓಡಾಟಕ್ಕೆ ಅವಕಾಶವಿರುವುದೇ ಸಾಕಣೆಯ ತಿರುಳು.

ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಮನೆಗಳಲ್ಲಿ ತೊಂದರೆ ತಿರುವುಮುರುವಾಗುತ್ತದೆ. ಆರ್‌ಸಿಸಿ ಮಾಡಿನ ಕೆಳಗಿನ ಕೋಣೆ ಮಧ್ಯಾಹ್ನ 34 ಡಿಗ್ರಿ ಮುಟ್ಟಿದಾಗ ತಂಪಿನ ಬದಿ ಎಂಬುದೇ ಉಳಿಯುವುದಿಲ್ಲ. ಆಗ ಪೆಟ್ಟಿಗೆಯನ್ನು ಕೆಳಮಹಡಿಯ ನೆಲಕ್ಕೆ, ಹಂಚಿನ ಮನೆಯಾದರೆ ನಡುಮನೆಯ ತಂಪು ಮೂಲೆಗೆ ಸಾಗಿಸಿ, ಶಾಖದ ಚಾಪೆಯನ್ನು ಹಗಲು ಆರಿಸಬೇಕು. ಕಿಟಕಿಯ ಬಿಸಿಲಿಗೆ ಗಾಜಿನ ಪೆಟ್ಟಿಗೆಯನ್ನು ಎಂದೂ ಇಡಬಾರದು. ಚಳಿ ಮರಿಯನ್ನು ದಿನಗಟ್ಟಲೆ ಸೊರಗಿಸಿದರೆ ಬಿಸಿಲು ಗಂಟೆಯೊಳಗೆ ಕೊಲ್ಲುತ್ತದೆ.

ಶಾಖಕ್ಕೆ ಪೆಟ್ಟಿಗೆಯ ತಳದ ಮೂರನೆಯ ಒಂದು ಭಾಗಕ್ಕೆ ಹೊರಗಿನಿಂದ ಹಾಸುವ ವಿದ್ಯುತ್ ಚಾಪೆ ಸೂಕ್ತ. ಅದಕ್ಕೆ ಥರ್ಮೋಸ್ಟಾಟ್, ಅಂದರೆ ಶಾಖ ಮಿತಿ ಮೀರದಂತೆ ತಾನಾಗಿ ಆರಿಸುವ ಸಾಧನ, ಇರಲೇಬೇಕು. ಹಾವಿನ ಹೊಟ್ಟೆಯ ಚರ್ಮಕ್ಕೆ ಸುಡುವ ಬಿಸಿ ಬೇಗ ತಿಳಿಯುವುದಿಲ್ಲ. ಬಿಸಿ ಎಂದು ಎದ್ದು ಹೋಗದೆ ಅಲ್ಲೇ ಮಲಗಿ ಸುಟ್ಟುಕೊಳ್ಳುತ್ತದೆ. ಬಿಸಿಯಾಗುವ ಕಲ್ಲು ಎಂದು ಮಾರುವ ವಸ್ತು ಬೇಡವೇ ಬೇಡ.

ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಯ ತೇವವನ್ನು ಹೇಗೆ ನಿಭಾಯಿಸುವುದು?

ನಮ್ಮ ಜಿಲ್ಲೆಯ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಶೇಕಡಾ 85–90ರ ಆಸುಪಾಸಿನಲ್ಲಿರುತ್ತದೆ. ಮರಿಗೆ ಬೇಕಾದದ್ದು ಶೇಕಡಾ 55ರಿಂದ 70. ಹೊರನಾಡಿನ ಕೈಪಿಡಿ ದಿನಕ್ಕೆರಡು ಬಾರಿ ನೀರು ಚಿಮುಕಿಸಿ ಎನ್ನುತ್ತದೆ. ಅಂಕೋಲೆಯಲ್ಲಿ ಜುಲೈ ತಿಂಗಳಲ್ಲಿ ಹಾಗೆ ಮಾಡಿದರೆ ಹೊಟ್ಟೆಯ ಹುರುಪೆಗಳ ನಡುವೆ ಹುಣ್ಣಾಗುತ್ತದೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ.

ಇದಕ್ಕೆ ಮದ್ದು ಶಾಖವೇ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹಾಗಾಗಿ ಇರುವಷ್ಟೇ ನೀರಾವಿ ಇದ್ದರೂ ಬಿಸಿ ಗಾಳಿಯ ತೇವಾಂಶದ ಶೇಕಡಾವಾರು ಇಳಿಯುತ್ತದೆ. ಹೊರಗೆ 26 ಡಿಗ್ರಿಯಲ್ಲಿ ಶೇಕಡಾ 90 ತೇವಾಂಶವಿರುವ ಗಾಳಿಯನ್ನು ಪೆಟ್ಟಿಗೆಯೊಳಗೆ 31 ಡಿಗ್ರಿಗೆ ಏರಿಸಿದರೆ ತೇವಾಂಶ ಸುಮಾರು 67ಕ್ಕೆ ಬರುತ್ತದೆ, ಅಂದರೆ ಮರಿಗೆ ಬೇಕಾದ ಮಟ್ಟಕ್ಕೇ. “ಸೆಕೆಯಿದೆಯಲ್ಲ, ಚಾಪೆ ಯಾಕೆ” ಎಂದು ಮಳೆಗಾಲದಲ್ಲಿ ಶಾಖ ಆರಿಸುವವರು ಈ ಲೆಕ್ಕವನ್ನು ಮರೆಯುತ್ತಾರೆ. ಶಾಖದ ಜೊತೆಗೆ ಗಾಳಿಯಾಡುವ ತೂತುಗಳು ಎದುರುಬದುರು ಬದಿಗಳಲ್ಲಿರಬೇಕು, ನೀರಿನ ಬಟ್ಟಲನ್ನು ತಂಪಿನ ಬದಿಗೆ ಸರಿಸಬೇಕು, ಒದ್ದೆಯಾದ ಹಾಸನ್ನು ಅಂದಂದೇ ತೆಗೆಯಬೇಕು.

ಘಟ್ಟ ಹತ್ತಿದರೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿಯ ಹತ್ತಿರ ಇಳಿಯುವುದುಂಟು. ಹೊರಗೆ ಇಬ್ಬನಿ ಸುರಿಯುತ್ತಿದ್ದರೂ ಆ ತಣ್ಣನೆಯ ಗಾಳಿಯನ್ನು 31 ಡಿಗ್ರಿಗೆ ಏರಿಸಿದಾಗ ಪೆಟ್ಟಿಗೆಯೊಳಗಿನ ತೇವಾಂಶ ಶೇಕಡಾ 40ಕ್ಕಿಂತ ಕೆಳಕ್ಕೆ ಕುಸಿಯುತ್ತದೆ. ಮರಿಯ ಪೊರೆ ಚೂರುಚೂರಾಗಿ ಅಂಟಿಕೊಳ್ಳುವುದು ಈ ಕಾಲದಲ್ಲೇ. ಆಗ ತೂತುಗಳಲ್ಲಿ ಕೆಲವನ್ನು ಮುಚ್ಚಿ, ನೀರಿನ ಬಟ್ಟಲನ್ನು ಬೆಚ್ಚಗಿನ ಬದಿಯ ಹತ್ತಿರಕ್ಕೆ ತಂದು, ಒದ್ದೆ ಪಾಚಿ ತುಂಬಿದ ಮೂರನೆಯ ಗೂಡೊಂದನ್ನು ಇಡುವುದು ಸರಿ. ಕಾರವಾರದ ಸ್ನೇಹಿತರ ವಿಧಾನವನ್ನು ಶಿರಸಿಯವರು, ಶಿರಸಿಯವರದನ್ನು ಕುಮಟೆಯವರು ಅನುಸರಿಸುವುದಕ್ಕಿಂತ ಇನ್ನೂರು ಮುನ್ನೂರು ರೂಪಾಯಿಯ ತೇವಾಂಶ ಮಾಪಕವೊಂದನ್ನು ಕೊಂಡು ಓದುವುದು ಮೇಲು.

ಗಾಳಿಮಳೆಗೆ ದಿನವಿಡೀ ಕರೆಂಟ್ ಹೋದರೆ ಏನು ಮಾಡುವುದು?

ಮರಿಯ ಚಾಪೆ ಎಳೆಯುವ ವಿದ್ಯುತ್ತು ಸಣ್ಣ ಬಲ್ಬಿನಷ್ಟೇ. ಮನೆಯ ಇನ್ವರ್ಟರಿಗೆ ಅದನ್ನು ಜೋಡಿಸಿಟ್ಟರೆ ರಾತ್ರಿ ಕಳೆಯುತ್ತದೆ. ಇನ್ವರ್ಟರ್ ಇಲ್ಲದವರು ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಹೊರಬದಿಗೆ ಒತ್ತಿಟ್ಟು, ಮೇಲೆ ಕಂಬಳಿ ಹೊದೆಸಿ, ಗಾಳಿಗೆ ಜಾಗ ಬಿಡಬಹುದು. ಬಚ್ಚಲ ಒಲೆಯ ಬಳಿ ಇಡುವುದು ಬೇಡ, ಹೊಗೆ ಹಾವಿನ ಶ್ವಾಸಕೋಶಕ್ಕೆ ವಿಷ. ಕರೆಂಟಿಲ್ಲದ ದಿನ ಆಹಾರ ಕೊಡಬಾರದು. ತಂಪಿನಲ್ಲಿ ಹೊಟ್ಟೆಯೊಳಗಿನ ಇಲಿ ಅರಗದೆ ಕೊಳೆತು, ಮರಿ ಅದನ್ನು ಕಕ್ಕುತ್ತದೆ.

ತೆಂಗಿನ ನಾರನ್ನು ಹಾಸಲು ಬಳಸಬಹುದೇ?

ಬಳಸಬಹುದು, ನಮ್ಮಲ್ಲಿ ಅದಕ್ಕೆ ಕೊರತೆಯೂ ಇಲ್ಲ. ಆದರೆ ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯ ನಾರಿನಲ್ಲಿ ಉಪ್ಪಿರುತ್ತದೆ. ಸಿಹಿನೀರಿನಲ್ಲಿ ಮೂರ್ನಾಲ್ಕು ಬಾರಿ ತೊಳೆದು, ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸಬೇಕು. ನುಣ್ಣನೆಯ ಪುಡಿಗಿಂತ ಸಣ್ಣ ತುಂಡುಗಳು ಒಳ್ಳೆಯವು. ಹೊಸ ಮರಿಗೆ ಮೊದಲ ಒಂದೆರಡು ತಿಂಗಳು ಮುದ್ರಣವಿಲ್ಲದ ಕಾಗದವೇ ಸಾಕು. ಮಲ, ನುಸಿ, ಕಕ್ಕಿದ್ದು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಮರದ ಮಿಲ್ಲಿನ ಹೊಟ್ಟು, ತೋಟದ ಮಣ್ಣು, ದರಕು ಬೇಡ.

ಏನನ್ನು, ಎಷ್ಟು, ಎಷ್ಟು ದಿನಕ್ಕೊಮ್ಮೆ ತಿನ್ನಿಸಬೇಕು?

ಮನೆಗೆ ತಂದ ಮೇಲೆ ಐದಾರು ದಿನ ಮುಟ್ಟದೆ, ತಿನ್ನಿಸದೆ ಬಿಡಿ. ಆಮೇಲೆ ಐದರಿಂದ ಏಳು ದಿನಕ್ಕೊಮ್ಮೆ, ಮರಿಯ ತೂಕದ ಹತ್ತನೆಯ ಒಂದು ಭಾಗದಿಂದ ಶೇಕಡಾ 15ರಷ್ಟು ತೂಗುವ ಒಂದು ಇಲಿಮರಿ. 70 ಗ್ರಾಂ ತೂಕದ ಮರಿಗೆ 7ರಿಂದ 10 ಗ್ರಾಂ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪದ ಭಾಗವನ್ನು ಮೀರಬಾರದು. ಅರ್ಧ ಕಿಲೋ ದಾಟುತ್ತಿದ್ದಂತೆ ಅಂತರವನ್ನು ಹತ್ತು ದಿನಕ್ಕೆ, ಬೆಳೆದ ಮೇಲೆ ಎರಡರಿಂದ ನಾಲ್ಕು ವಾರಕ್ಕೆ ಹೆಚ್ಚಿಸಬೇಕು. ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ವೈದ್ಯರ ಬಳಿ ಹೋದಾಗ ನಿಮ್ಮ ವಿವರಣೆಗಿಂತ ಆ ಪುಸ್ತಕವೇ ಹೆಚ್ಚು ಹೇಳುತ್ತದೆ.

ಕೊಡಬೇಕಾದದ್ದು ಸತ್ತ, ಶೈತ್ಯೀಕರಿಸಿದ ಇಲಿಯನ್ನು. ಜೀವಂತ ಇಲಿ ಹಾವನ್ನು ಕಚ್ಚಿ ಕಣ್ಣು ಕಳೆದ ಉದಾಹರಣೆಗಳಿವೆ, ಇಲಿಗೂ ಅದು ಅನಗತ್ಯ ಹಿಂಸೆ. ಹಿಂದಿನ ರಾತ್ರಿ ಫ್ರೀಜರ್‌ನಿಂದ ಕೆಳಗಿನ ಖಾನೆಗೆ ಇಳಿಸಿ ಕರಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟು, ಮುಟ್ಟಿದರೆ ಬೆಚ್ಚಗಿರುವಂತೆ ಮಾಡಿ, ಉದ್ದನೆಯ ಚಿಮುಟದಲ್ಲಿ ಹಿಡಿದು ಸಂಜೆಯ ಹೊತ್ತು ಗೂಡಿನ ಬಾಯಿಗೆ ಒಡ್ಡಿ. ಈ ಹಾವಿನ ತುಟಿಯ ಮೇಲಿರುವ ಗುಳಿಗಳು ಶಾಖವನ್ನು ಗ್ರಹಿಸುತ್ತವೆ. ತಣ್ಣಗಿನ ಇಲಿ ಅದರ ಪಾಲಿಗೆ ಆಹಾರವೇ ಅಲ್ಲ. ಬೇಯಿಸಬಾರದು, ಮೈಕ್ರೋವೇವ್‌ನಲ್ಲಿ ಇಡಬಾರದು.

ಮನೆಯ ಅಟ್ಟದಲ್ಲಿ ಬೋನಿಗೆ ಬಿದ್ದ ಇಲಿಯನ್ನೇ ಹಾಕಿದರೆ ಖರ್ಚು ಉಳಿಯುತ್ತದಲ್ಲವೇ?

ಖರ್ಚು ಉಳಿಯಬಹುದು, ಮರಿ ಉಳಿಯದು. ಅಡಿಕೆ ತೋಟಗಳಲ್ಲೂ ತೆಂಗಿನ ತೋಟಗಳಲ್ಲೂ ಇಲಿಪಾಷಾಣ ಇಡುವುದು ಸಾಮಾನ್ಯ. ವಿಷ ತಿಂದ ಇಲಿ ಬೋನಿಗೂ ಬೀಳುತ್ತದೆ. ಹೊರಗಿನ ಇಲಿಯಲ್ಲಿ ಹುಳುಗಳೂ ಇರುತ್ತವೆ. ಅದನ್ನು ಹಿಡಿದು ತೂಗುವ ನಿಮಗೂ ಅಪಾಯವಿದೆ: ಮಳೆಗಾಲದಲ್ಲಿ ಕರಾವಳಿಯನ್ನು ಕಾಡುವ ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದಲೇ.

ನಮ್ಮದು ಸಸ್ಯಾಹಾರಿ ಮನೆ. ಹಾಲು, ಮೊಟ್ಟೆ ಕೊಟ್ಟು ಸಾಕಲು ಸಾಧ್ಯವೇ?

ಸಾಧ್ಯವಿಲ್ಲ. ಹಾವಿಗೆ ಹಾಲು ಅರಗುವುದಿಲ್ಲ. ನಾಗರಪಂಚಮಿಯಂದು ಕಲ್ಲಿಗೆ ಎರೆಯುವ ಹಾಲು ಕಲ್ಲಿಗೇ ಇರಲಿ, ಪೆಟ್ಟಿಗೆಯೊಳಗೆ ಬೇಡ. ಕೋಳಿಮಾಂಸದ ತುಂಡು, ಮೀನು, ಮೊಟ್ಟೆ ಯಾವುದೂ ಇಡೀ ಇಲಿಗೆ ಬದಲಿಯಲ್ಲ, ಏಕೆಂದರೆ ಸುಣ್ಣದಂಶ ಮೂಳೆಯಿಂದಲೂ ಜೀವಸತ್ವಗಳು ಯಕೃತ್ತಿನಿಂದಲೂ ಬರಬೇಕು. ಸತ್ತ ಇಲಿಗಳನ್ನು ಹಾಲು, ಬೆಣ್ಣೆಯ ಪಕ್ಕ ಇಡಲು ಅಮ್ಮ, ಅಜ್ಜಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆರೋಗ್ಯದ ದೃಷ್ಟಿಯಿಂದಲೂ ಅವರೇ ಸರಿ. ಪ್ರತ್ಯೇಕವಾದ ಸಣ್ಣ ಫ್ರೀಜರ್ ಇಡಲಾಗದಿದ್ದರೆ ಹೆಬ್ಬಾವಿನ ಯೋಚನೆಯನ್ನು ಕೈಬಿಡುವುದೇ ಸರಿ.

ಮರಿ ಮೂರು ವಾರದಿಂದ ತಿಂದಿಲ್ಲ. ಗಾಬರಿಯಾಗಬೇಕೇ?

ಮೊದಲು ಶಾಖ, ತೇವಾಂಶ, ಗೂಡು ಈ ಮೂರನ್ನು ಅಳೆದು ನೋಡಿ. ಹೆಚ್ಚಿನ ಉಪವಾಸಗಳ ಕಾರಣ ಅಲ್ಲೇ ಇರುತ್ತದೆ. ಪೊರೆ ಬಿಡುವ ಮುಂಚೆ ತಿನ್ನದಿರುವುದು ಸಹಜ. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿದ್ದೂ ಆರೋಗ್ಯವಾಗಿರಬಲ್ಲದು, ಮರಿಗೆ ಅಷ್ಟು ಕೊಬ್ಬಿನ ಸಂಗ್ರಹವಿಲ್ಲ. ತೂಕದ ಹತ್ತನೆಯ ಒಂದು ಭಾಗ ಇಳಿದರೆ ವೈದ್ಯರನ್ನು ಕಾಣಬೇಕು. ದಿನವೂ ಇಲಿ ತೋರಿಸಿ ಪೀಡಿಸುವುದರಿಂದ ಹಟ ಹೆಚ್ಚುತ್ತದೆಯೇ ಹೊರತು ಹಸಿವಲ್ಲ. ವಾರಕ್ಕೊಮ್ಮೆ ಪ್ರಯತ್ನಿಸಿದರೆ ಸಾಕು. ಬಲವಂತವಾಗಿ ಬಾಯಿಗೆ ತುರುಕುವುದು ವೈದ್ಯರ ಕೆಲಸ. ತಿಂದದ್ದನ್ನು ಕಕ್ಕಿದ್ದರೆ ಮಾತ್ರ ಹತ್ತರಿಂದ ಹದಿನಾಲ್ಕು ದಿನ ಏನೂ ಕೊಡದೆ, ಬಳಿಕ ಮೊದಲಿಗಿಂತ ಸಣ್ಣದನ್ನು ಕೊಡಬೇಕು.

ಕಣ್ಣು ನೀಲಿಬಣ್ಣಕ್ಕೆ ತಿರುಗಿದೆ. ಕುರುಡಾಯಿತೇ?

ಇಲ್ಲ, ಪೊರೆ ಬಿಡುವ ಸೂಚನೆ. ಮರಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಪೊರೆ ಕಳಚುತ್ತದೆ. ಕಣ್ಣು ಮಂಜಾಗಿ, ಕೆಲವು ದಿನದಲ್ಲಿ ಮತ್ತೆ ತಿಳಿಯಾಗಿ, ಅದಾದ ಮೂರ್ನಾಲ್ಕು ದಿನಕ್ಕೆ ಪೊರೆ ಕಾಲುಚೀಲದಂತೆ ಇಡಿಯಾಗಿ ಹೊರಬರಬೇಕು. ಈ ಅವಧಿಯಲ್ಲಿ ತೇವಾಂಶವನ್ನು ಶೇಕಡಾ 70ರ ಮೇಲಿಡಿ, ಎತ್ತಿಕೊಳ್ಳಬೇಡಿ. ಬಿದ್ದ ಪೊರೆಯಲ್ಲಿ ಎರಡೂ ಕಣ್ಣುಗಳ ಮುಚ್ಚಳ ಬಂದಿವೆಯೇ, ಬಾಲದ ತುದಿ ಬಂದಿದೆಯೇ ಎಂದು ನೋಡಿ. ಬಾಲದ ತುದಿಯಲ್ಲಿ ಉಳಿದ ಪೊರೆ ಉಂಗುರದಂತೆ ಬಿಗಿದು ರಕ್ತಸಂಚಾರ ನಿಲ್ಲಿಸುತ್ತದೆ. ಉಗುರುಬೆಚ್ಚನೆಯ ಒದ್ದೆ ಬಟ್ಟೆಯ ನಡುವೆ ಮರಿಯನ್ನು ಹರಿಯಬಿಟ್ಟರೆ ಸಾಮಾನ್ಯವಾಗಿ ಬಿಡುತ್ತದೆ. ಕಣ್ಣಿನ ಮೇಲೆ ಉಳಿದದ್ದನ್ನು ಉಗುರಿನಿಂದಾಗಲಿ ಚಿಮುಟದಿಂದಾಗಲಿ ಕೀಳಬಾರದು.

ಕಚ್ಚಿದರೆ ವಿಷವೇರುತ್ತದೆಯೇ? ಮಕ್ಕಳ ಕೈಗೆ ಕೊಡಬಹುದೇ?

ಹೆಬ್ಬಾವಿಗೆ ವಿಷವಿಲ್ಲ. ಮರಿಯ ಕಡಿತ ಮುಳ್ಳು ಗೀರಿದಷ್ಟು. ಸೋಪಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಬಹಳ ಕಾಲವಾಗಿದ್ದರೆ ಹಾಕಿಸಿಕೊಳ್ಳಿ. ಹಿಡಿದು ಬಿಡದಿದ್ದರೆ ಎಳೆಯಬೇಡಿ. ಹಲ್ಲುಗಳು ಒಳಮುಖವಾಗಿ ಬಾಗಿರುವುದರಿಂದ ಎಳೆದಷ್ಟೂ ಚರ್ಮ ಹರಿಯುತ್ತದೆ, ಹಲ್ಲು ಮುರಿಯುತ್ತದೆ. ತಣ್ಣೀರು ಸುರಿದರೆ ಬಿಡುತ್ತದೆ.

ತಿಂದ ಮೇಲೆ ಎರಡು ದಿನ ಮುಟ್ಟಬಾರದು. ಉಳಿದಂತೆ ವಾರಕ್ಕೆ ಎರಡು ಮೂರು ಬಾರಿ, ಹತ್ತು ನಿಮಿಷ, ಮೈಗೆ ಎರಡು ಕಡೆ ಆಧಾರ ಕೊಟ್ಟು ಎತ್ತಿಕೊಂಡರೆ ರೂಢಿಯಾಗುತ್ತದೆ. ಹಾವಿಗೆ ಮುದ್ದು ಬೇಕಿಲ್ಲ, ಅದು ನಮ್ಮನ್ನು ಸಹಿಸಿಕೊಳ್ಳುತ್ತದೆ ಅಷ್ಟೇ. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದರಿಂದ ಮುಟ್ಟಿದವರೆಲ್ಲ ಸೋಪಿನಲ್ಲಿ ಕೈ ತೊಳೆಯಬೇಕು, ಪೆಟ್ಟಿಗೆಯನ್ನು ಅಡುಗೆಮನೆಯಲ್ಲಾಗಲಿ ಪಾತ್ರೆ ತೊಳೆಯುವಲ್ಲಾಗಲಿ ಇಡಬಾರದು, ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ರೋಗನಿರೋಧಕ ಶಕ್ತಿ ಕುಂದಿದ ಹಿರಿಯರು ಇರುವ ಮನೆಯಲ್ಲಿ ಹಾವನ್ನು ಸಾಕದಿರುವುದು ಲೇಸು.

ಇರುವೆ, ನುಸಿಗಳ ಕಾಟಕ್ಕೆ ಏನು ಮಾಡುವುದು?

ಮಳೆ ಹಿಡಿದೊಡನೆ ಮನೆಯೊಳಗೆ ನುಗ್ಗುವ ಕೆಂಪಿರುವೆಗಳು ಪೊರೆ ಬಿಡುತ್ತಿರುವ ಮರಿಯನ್ನು ಘಾಸಿಗೊಳಿಸಬಲ್ಲವು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಳಿಬಿಡುವ ಹಳೆಯ ಉಪಾಯ ಇಲ್ಲಿಯೂ ನಡೆಯುತ್ತದೆ. ಇರುವೆ ಪುಡಿ, ಜಿರಳೆ ಸ್ಪ್ರೇ, ಫಿನಾಯಿಲ್, ನುಸಿಗುಳಿಗೆ, ಸೊಳ್ಳೆಬತ್ತಿ ಇವೆಲ್ಲ ಆ ಕೋಣೆಗೆ ನಿಷಿದ್ಧ. ಹಾವಿನ ನುಸಿ ಕಪ್ಪು ಸಾಸಿವೆಗಿಂತ ಸಣ್ಣದು, ಕಣ್ಣಿನ ಅಂಚಿನಲ್ಲಿ, ಗದ್ದದ ಕೆಳಗೆ ಓಡಾಡುತ್ತದೆ. ಮರಿ ದಿನವಿಡೀ ನೀರಿನ ಬಟ್ಟಲಲ್ಲೇ ಬಿದ್ದಿದ್ದರೆ ನುಸಿಯ ಅನುಮಾನ ಪಡಬೇಕು. ಔಷಧವನ್ನು ವೈದ್ಯರನ್ನು ಕೇಳಿಯೇ ಹಾಕಿ, ದನಕರುಗಳ ಉಣುಗಿನ ಔಷಧವನ್ನು ಅಂದಾಜಿನಲ್ಲಿ ಬಳಸಿದರೆ ಮರಿ ಸಾಯುತ್ತದೆ.

ಯಾವ ಲಕ್ಷಣ ಕಂಡರೆ ವೈದ್ಯರ ಬಳಿ ಒಯ್ಯಬೇಕು?

ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸೀಟಿಯಂಥ ಸದ್ದು, ಮೂಗು ಬಾಯಿಯಲ್ಲಿ ನೊರೆ, ಮತ್ತೆ ಮತ್ತೆ ಕಕ್ಕುವುದು, ಮಗುಚಿದರೆ ತಿರುಗಿಕೊಳ್ಳಲಾಗದಿರುವುದು, ಹೊಟ್ಟೆಯ ಹುರುಪೆಗಳಲ್ಲಿ ಕೆಂಪು ಅಥವಾ ಗುಳ್ಳೆ. ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಹಾವುಗಳನ್ನು ನೋಡುವ ಪಶುವೈದ್ಯರು ನಮ್ಮ ಜಿಲ್ಲೆಯಲ್ಲಿ ವಿರಳ. ಕಾರವಾರದವರಿಗೆ ಗೋವೆ, ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ ಅಥವಾ ಪಶುವೈದ್ಯಕೀಯ ಕಾಲೇಜಿರುವ ಶಿವಮೊಗ್ಗದಲ್ಲಿ ವಿಚಾರಿಸುವುದು ಅನುಕೂಲ. ಮರಿ ತರುವ ಮೊದಲೇ ವಿಚಾರಿಸಿ, ಒಪ್ಪುವ ವೈದ್ಯರೊಬ್ಬರನ್ನು ಗೊತ್ತುಮಾಡಿಕೊಂಡಿರಿ. ಒಯ್ಯುವಾಗ ಬಟ್ಟೆಯ ಚೀಲದಲ್ಲಿ ಕಟ್ಟಿ, ಗಾಳಿಯಾಡುವ ಡಬ್ಬಿಯಲ್ಲಿಟ್ಟು, ನೋಂದಣಿಯ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ರಾಜ್ಯದ ಗಡಿ ದಾಟಿಸುವವರು ಅದಕ್ಕೆ ಬೇರೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಬೇಕು.

ಪೆಟ್ಟಿಗೆಯಿಂದ ತಪ್ಪಿಸಿಕೊಂಡರೆ?

ಬಾಗಿಲು ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ನಾಯಿ ಬೆಕ್ಕುಗಳನ್ನು ಹೊರಗಟ್ಟಿ. ಮರಿ ದೂರ ಹೋಗುವುದಿಲ್ಲ. ಫ್ರಿಜ್ಜಿನ ಹಿಂಬದಿ, ಇನ್ವರ್ಟರಿನ ಪಕ್ಕ, ಹಾಸಿಗೆಯ ಮಡಿಕೆ, ಹೀಗೆ ಬೆಚ್ಚಗೆ ಇಕ್ಕಟ್ಟಾಗಿರುವ ಜಾಗಗಳಲ್ಲಿ ಹುಡುಕಿ. ರಾತ್ರಿ ಗೋಡೆಯಂಚಿಗೆ ಹಿಟ್ಟು ಉದುರಿಸಿಟ್ಟರೆ ಹರಿದ ಗುರುತು ಸಿಗುತ್ತದೆ. ನೆರೆಮನೆಯವರಿಗೆ ಕೂಡಲೇ ಫೋಟೋ ತೋರಿಸಿ ತಿಳಿಸಿ. ಮುಚ್ಚಿಟ್ಟರೆ ಕೋಲಿಗೆ ಬಲಿಯಾಗುವುದು ನಿಮ್ಮ ಮರಿಯೇ.

ಇನ್ನು ಸಾಕಲಾಗುವುದಿಲ್ಲ ಎನಿಸಿದರೆ ಕಾಡಿಗೆ ಬಿಡಬಹುದೇ?

ಎಂದಿಗೂ ಕೂಡದು. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಬರ್ಮೀಸ್ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗುಪ್ರದೇಶದಲ್ಲಿ ನೆಲೆಯೂರಿ ಅಲ್ಲಿನ ಸಣ್ಣ ಸಸ್ತನಿಗಳನ್ನು ಬಹುಪಾಲು ಬರಿದುಮಾಡಿವೆ. ಬಾಲ್ ಪೈಥಾನ್ ಅಷ್ಟು ದೊಡ್ಡದಲ್ಲದಿದ್ದರೂ, ಅದು ಹೊತ್ತುತರುವ ನುಸಿ ಮತ್ತು ವೈರಾಣುಗಳಿಗೆ ಕಾಳಿ ಕಣಿವೆಯ ನಮ್ಮ ಹೆಬ್ಬಾವುಗಳು ಹೊಸಬರು. ನೋಂದಣಿಯಿರುವ ಇನ್ನೊಬ್ಬ ಅನುಭವಿ ಸಾಕಣೆದಾರರಿಗೆ ಕೊಟ್ಟು, ವರ್ಗಾವಣೆಯನ್ನು ಪರಿವೇಶ್ ಜಾಲತಾಣದಲ್ಲಿ ದಾಖಲಿಸಬೇಕು. ಅಂಥವರು ಸಿಗದಿದ್ದರೆ ವಿಭಾಗದ ಅರಣ್ಯ ಕಚೇರಿಗೆ ಲಿಖಿತವಾಗಿ ತಿಳಿಸಿ, ಅವರು ಹೇಳುವ ವ್ಯವಸ್ಥೆಯಾಗುವವರೆಗೆ ಮರಿಯ ಶಾಖ, ನೀರು, ಆಹಾರಗಳನ್ನು ಎಂದಿನಂತೆ ನಡೆಸಿಕೊಂಡು ಹೋಗಬೇಕು.